ಮಾಳಿಗೆಯ ಮೇಲೆ ಮೆಟ್ಟಿಲು ತೋಟ: ಆರು ಚೀಲ, ಐದು ದಿನಕ್ಕೊಂದು ಕೊಯ್ಲು

ಜೋಳದ ರೊಟ್ಟಿಯ ಮಗ್ಗುಲಿಗೆ ಹಸಿ ಮೆಂತ್ಯ ಬೇಕೇ ಬೇಕು ಎನ್ನುವ ಊರುಗಳಿವು. ಜೋಳ, ಕಡಲೆ ನವಲಗುಂದ, ಕುಂದಗೋಳದ ಎರಿ (ಕಪ್ಪು ಮಣ್ಣಿನ) ಹೊಲಗಳಿಂದಲೇ ಬರಬೇಕು. ಆದರೆ ಕೊಯ್ದ ಕೆಲವೇ ತಾಸಿನಲ್ಲಿ ಬಾಡುವ ತಪ್ಪಲು ಪಲ್ಲೆಯನ್ನು (ಸೊಪ್ಪನ್ನು) ಹುಬ್ಬಳ್ಳಿ-ಧಾರವಾಡದ ಮನೆಗಳು ಮಾಳಿಗೆಯ ಮೇಲೆಯೇ ಬೆಳೆದುಕೊಳ್ಳಬಹುದು. 4 ಅಡಿ ಉದ್ದ, 3 ಅಡಿ ಅಗಲದ ಜಾಗ ಸಾಕು.

ಮೊದಲು ಭಾರದ ಲೆಕ್ಕ. ಓಡಾಡಲು ಕಟ್ಟಿದ ಆರ್‌ಸಿಸಿ ಮಾಳಿಗೆ ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 150 ಕೆಜಿ ತಡೆಯುವಂತಿರುತ್ತದೆ. 24 ಇಂಚು ಉದ್ದ, 12 ಇಂಚು ಅಗಲದ ಗ್ರೋ ಬ್ಯಾಗಿಗೆ 5 ಇಂಚು ಎತ್ತರ ಎರಿ ಮಣ್ಣು ತುಂಬಿದರೆ, ನೀರು ಕುಡಿದ ಮೇಲೆ ಒಂದೊಂದೂ 40 ಕೆಜಿ ಮುಟ್ಟುತ್ತದೆ. ಮೇಲಾಗಿ ಎರಿ ಒಣಗಿದರೆ ಬಿರಿದು ಬೇರು ಹರಿಯುತ್ತದೆ, ತೊಯ್ದರೆ ಗಾಳಿಯಾಡದು. ತೆಂಗಿನ ನಾರಿನ ಪುಡಿಯ ಮಿಶ್ರಣವಾದರೆ ಭಾರ 20 ಕೆಜಿಯ ಆಸುಪಾಸು. ಮೇಲ್ಮುದ್ದೆ (ಮಣ್ಣಿನ ಮಾಳಿಗೆಯ) ಮನೆಯವರು ಇದನ್ನು ಅಂಗಳದಲ್ಲೇ ಇಡಬೇಕು.

25 ಎಂಎಂ ಕಬ್ಬಿಣದ ಆಂಗಲ್‌ನಲ್ಲಿ ಮೂರು ಮೆಟ್ಟಿಲಿನ ಸ್ಟ್ಯಾಂಡ್ ಮಾಡಿಸಿ: 1, 2, 3 ಅಡಿ ಎತ್ತರ, ಪ್ರತಿ ಮೆಟ್ಟಿಲು 1 ಅಡಿ ಅಗಲ. ಮುಖ ದಕ್ಷಿಣಕ್ಕಿರಲಿ, ತೊಲೆ ಅಥವಾ ಗೋಡೆಯ ಮೇಲ್ಭಾಗಕ್ಕೆ ಬರುವಂತೆ ನಿಲ್ಲಿಸಿ. ಮೆಟ್ಟಿಲಿಗೆ ಎರಡು ಚೀಲ.

ಮಿಶ್ರಣಕ್ಕೆ 5 ಕೆಜಿಯ ಒಂದು ಕೊಕೊಪೀಟ್ (ತೆಂಗಿನ ನಾರಿನ ಪುಡಿಯ) ಇಟ್ಟಿಗೆ ನೆನೆಸಿ. ಉಪ್ಪು ಹೋಗಲು ಎರಡು ಸಲ ತೊಳೆದು ಹಿಂಡಿ. ಅದಕ್ಕೆ ಎರೆಗೊಬ್ಬರ 25 ಕೆಜಿ, ಮಸಾರಿ (ಕೆಂಪು) ಮಣ್ಣು ಎರಡು ಬುಟ್ಟಿ, ಬೇವಿನ ಹಿಂಡಿ 600 ಗ್ರಾಂ. ಎರೆಗೊಬ್ಬರಕ್ಕೆ ಕೆಜಿಗೆ 5 ಗ್ರಾಂ ಟ್ರೈಕೋಡರ್ಮಾ (ಬೇರು ಕೊಳೆ ತಡೆಯುವ ಶಿಲೀಂಧ್ರದ ಪುಡಿ) ಮೊದಲೇ ಕಲೆಸಿಡಿ. ಹದ ಗೊತ್ತಾಗಲು ಒಂದು ಮುಷ್ಟಿ ಮಿಶ್ರಣವನ್ನು ಹಿಂಡಿ ನೋಡಿ: ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು, ಧಾರೆ ಇಳಿಯಬಾರದು.

ನೀರಿನಲ್ಲೇ ಹೆಚ್ಚು ಜನ ಎಡವುತ್ತಾರೆ. ಮಲಪ್ರಭಾ ನದಿಯ ನಳದ ನೀರು ದಿನವೂ ಬಾರದಿದ್ದರೂ ಮನೆಯ ಟ್ಯಾಂಕಿನಿಂದಲೇ ಡ್ರಿಪ್ (ಹನಿ ನೀರಿನ ಕೊಳವೆ) ಎಳೆಯಬಹುದು. ಆದರೆ ಅಂಗಡಿಯಲ್ಲಿ ಕೇಳುವಾಗ ಜೋಕೆ: ಒತ್ತಡ ಸರಿದೂಗಿಸುವ ಡ್ರಿಪ್ಪರ್ ಇಷ್ಟು ಕಡಿಮೆ ಎತ್ತರದ ನೀರಿಗೆ ಸರಿಯಾಗಿ ಕೆಲಸ ಮಾಡದು. ಸಾದಾ ಡ್ರಿಪ್ಪರ್ ಚೀಲಕ್ಕೆ ಎರಡು ಹಾಕಿ. ತಾಸಿಗೆ 2 ಲೀಟರ್ ಎಂದು ಬರೆದದ್ದು ಎರಡೂವರೆ ಮೀಟರ್ ಎತ್ತರದಿಂದ ಸುಮಾರು 1 ಲೀಟರ್ ಮಾತ್ರ ಕೊಡುತ್ತದೆ. ಬಾಟಲಿ ಹಿಡಿದು ಅಳೆಯಿರಿ. ಬೇಸಿಗೆಯಲ್ಲಿ ಚೀಲಕ್ಕೆ ದಿನಕ್ಕೆ ಒಂದೂವರೆಯಿಂದ 2 ಲೀಟರ್, ಚಳಿಗಾಲದಲ್ಲಿ ಅದರರ್ಧ. ಜಾಳಿಗೆ ಫಿಲ್ಟರ್ ಇಲ್ಲದಿದ್ದರೆ ಡ್ರಿಪ್ಪರ್ ಕಟ್ಟಿಕೊಳ್ಳುತ್ತದೆ. ಬೋರ್ ನೀರು ಹಾಕುವವರಿಗೆ ಮೇಲ್ಪದರದಲ್ಲಿ ಬಿಳಿ ಉಪ್ಪು ಕಂಡರೆ, ನಳದ ಅಥವಾ ಮಳೆಯ ನೀರನ್ನು ತಳದಿಂದ ಸೋರುವವರೆಗೆ ಸುರಿದು ತೊಳೆಯಬೇಕು.

ಪೂರ್ತಿ ಪ್ಲಾಸ್ಟಿಕ್ ಹೊದಿಸಿದ ಗುಡಿಸಲು ನಮ್ಮ ಏಪ್ರಿಲ್ ಬಿಸಿಲಿಗೆ ಒಲೆಯಾಗುತ್ತದೆ, ಸಸಿ ಬೆಂದುಹೋಗುತ್ತವೆ. ಮಾರ್ಚ್‌ನಿಂದ ಮೇವರೆಗೆ ಶೇ 50ರ ನೆರಳು ಪರದೆ ಸಾಕು. ಮುಂಗಾರು ಹಿಡಿದ ಮೇಲೆ ಅದನ್ನು ತೆಗೆದು, ನೆತ್ತಿಗೆ ಮಾತ್ರ 200 ಮೈಕ್ರಾನ್ ಯುವಿ ಪಾಲಿಥಿನ್ ಇಳಿಜಾರಾಗಿ ಕಟ್ಟಿ, ನಾಲ್ಕೂ ಬದಿ ತೆರೆದಿಡಿ. ಪಡುವಣ ಗಾಳಿ ಸ್ಟ್ಯಾಂಡನ್ನೇ ಉರುಳಿಸಬಲ್ಲದು. ಕಾಲುಗಳನ್ನು ಪ್ಯಾರಾಪೆಟ್‌ಗೆ ಕ್ಲಾಂಪ್ ಮಾಡದೆ ಬಿಡಬೇಡಿ.

ಆರೂ ಚೀಲ ಒಂದೇ ದಿನ ಬಿತ್ತಿದರೆ ಒಂದು ವಾರ ಪಲ್ಲೆ ಕೊಳೆಯುತ್ತದೆ, ಮೂರು ವಾರ ಸಂತೆಯೇ ಗತಿ. ಐದು ದಿನಕ್ಕೊಂದು ಚೀಲ ಬಿತ್ತಿ. ಮೆಂತ್ಯ ಚೀಲಕ್ಕೆ 5 ಗ್ರಾಂ, 25 ದಿನಕ್ಕೆ ಕೊಯ್ಲು. ಕೊತ್ತಂಬರಿ ಕಾಳನ್ನು ಎರಡು ಹೋಳು ಮಾಡಿ 12 ತಾಸು ನೆನೆಸಿ. 35-40 ದಿನ ಬೇಕು, ಕಡುಬೇಸಿಗೆಯಲ್ಲಿ ಬೇಗ ಹೂವಿಗೆ ಬರುತ್ತದೆ, ಆಗ ಆ ಚೀಲಕ್ಕೆ ರಾಜಗಿರಿ ಹಾಕಿ. ಪಾಲಕ್ 4 ಇಂಚಿಗೊಂದು. ಬುಡದಲ್ಲಿ ಎರಡು ಬೆರಳು ಬಿಟ್ಟು ಕೊಯ್ದರೆ ಮೂರ್ನಾಲ್ಕು ಸಲ ಚಿಗುರುತ್ತದೆ.

ಎಳೆ ಸಸಿ ಕುತ್ತಿಗೆಯಲ್ಲಿ ಕಂದಾಗಿ ಮಗುಚಿ ಬಿದ್ದರೆ ಅದು ದಟ್ಟ ಬಿತ್ತನೆ, ಅತಿ ನೀರಿನ ಫಲ: ಎರಡು ದಿನ ನೀರು ನಿಲ್ಲಿಸಿ, ಬಿದ್ದದ್ದನ್ನು ಕಿತ್ತುಹಾಕಿ. ಎಲೆಯ ಬೆನ್ನಿಗೆ ಹೇನು ಹತ್ತಿದರೆ ಲೀಟರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ, ಸಂಜೆ ಹೊತ್ತು ಸಿಂಪಡಿಸಿ. ಪ್ರತಿ ಕೊಯ್ಲಿನ ನಂತರ ಚೀಲಕ್ಕೆ ಎರಡು ಬೊಗಸೆ ಎರೆಗೊಬ್ಬರ ಕೂಡಿಸಿ, ಅದೇ ದಿನ ಬೇರೆ ಪಲ್ಲೆ ಬಿತ್ತಿ.