ಮೊದಲು ಕಿವಿಗೆ ಕಥೆ, ಆಮೇಲೆ ಕಣ್ಣಿಗೆ ಸಿನಿಮಾ

ಬೈಬಲ್ ಸಿನಿಮಾಗಳನ್ನು ಮಕ್ಕಳಿಗೆ ತೋರಿಸಬಹುದಾ ಅಂತ ನಮ್ಮ ಸಂಡೇ ಸ್ಕೂಲಿನ ಮಕ್ಕಳ ತಾಯಂದಿರು ಆಗಾಗ ಕೇಳುತ್ತಾರೆ. ಧಾರಾಳವಾಗಿ ತೋರಿಸಿ ಎನ್ನುತ್ತೇನೆ. ಆದರೆ ಒಂದು ಕ್ರಮ ಇಟ್ಟುಕೊಳ್ಳಿ. ಕಥೆಯನ್ನು ಮಗು ಮೊದಲು ನಿಮ್ಮ ಬಾಯಿಂದ ಕೇಳಬೇಕು. ಸಿನಿಮಾ ಆಮೇಲೆ. ಅದು ಮುಗಿದ ಮೇಲೆ ಮತ್ತೆ ಸತ್ಯವೇದ, ಅಂದರೆ ಬೈಬಲ್, ತೆರೆಯಬೇಕು.

ಸಿನಿಮಾದಲ್ಲಿ ಒಮ್ಮೆ ನೋಡಿದ ಮುಖ ಮನಸ್ಸಿನಿಂದ ಬೇಗ ಹೋಗುವುದಿಲ್ಲ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಆ ನಟನ ಮುಖವೇ ಎದುರು ಬರುತ್ತದೆ. ಮೋಶೆಯ ಕಥೆಯ ಕೆಂಪು ಸಮುದ್ರ ಅಂದರೆ ಪರದೆಯ ಮೇಲೆ ಎದ್ದು ನಿಂತ ನೀರೇ ನೆನಪಾಗುತ್ತದೆ. ಮಗು ತನ್ನದೇ ಒಂದು ಸಮುದ್ರವನ್ನು ಮೊದಲೇ ಕಟ್ಟಿಕೊಂಡಿದ್ದರೆ ಸಿನಿಮಾದ ಸಮುದ್ರ ಅದರ ಪಕ್ಕದಲ್ಲಿ ಬಂದು ಕೂರುತ್ತದೆ. ಕಟ್ಟಿಕೊಳ್ಳದಿದ್ದರೆ ಸಿನಿಮಾದ್ದು ಒಂದೇ ಉಳಿಯುತ್ತದೆ.

ನಮ್ಮದು ಮಂಗಳೂರು. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ, ಟಿವಿಯಲ್ಲಿ ಜಾಸ್ತಿ ಇಂಗ್ಲಿಷ್. ಮಗಳಿಗೆ 12, ಮಗನಿಗೆ 7. ಅತ್ತೆಯೂ ಜೊತೆಗಿದ್ದಾರೆ. ನಾವು ಮಾಡುವ ಬಗೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೋಶೆಯಿಂದ ಶುರು ಮಾಡಿ

ಹೊಸದಾಗಿ ಶುರು ಮಾಡುವವರಿಗೆ, ಇಬ್ರಿಯರನ್ನು ಈಜಿಪ್ಟಿನ ದಾಸತ್ವದಿಂದ ಬಿಡಿಸಿಕೊಂಡು ಬಂದ ಮೋಶೆಯ ಕಥೆ ಒಳ್ಳೆಯದು. ಸತ್ಯವೇದದ ಎರಡನೆಯ ಪುಸ್ತಕವಾದ ವಿಮೋಚನಕಾಂಡದ ಮೊದಲ 15 ಅಧ್ಯಾಯಗಳು ಸಾಕು. ರಾತ್ರಿ ಊಟ ಆದ ಮೇಲೆ, ಮನೆ ಪ್ರಾರ್ಥನೆಗೆ ಮುಂಚೆ, ಸ್ವಲ್ಪ ಸ್ವಲ್ಪವಾಗಿ ಹೇಳಿ. ಓದಬೇಡಿ, ಹೇಳಿ. ನೀವು ಹಗಲಲ್ಲಿ ಓದಿಕೊಂಡಿರಬೇಕು, ಅಷ್ಟೇ. ಎಲ್ಲಿ ಉಸಿರು ಬಿಗಿಹಿಡಿಯುವ ಹಾಗಾಗುತ್ತದೋ ಅಲ್ಲಿ ನಿಲ್ಲಿಸಿ. ಮಗುವಿದ್ದ ಪೆಟ್ಟಿಗೆ ನೀರಿನಲ್ಲಿದೆ, ಅಕ್ಕ ದೂರದಲ್ಲಿ ನಿಂತಿದ್ದಾಳೆ, ಈಜಿಪ್ಟಿನ ಅರಸ ಫರೋಹನ ಮಗಳು ಸ್ನಾನಕ್ಕೆ ಬರುತ್ತಿದ್ದಾಳೆ. ಅಲ್ಲಿಗೆ ಆ ರಾತ್ರಿಯ ಕಥೆ ಮುಗಿಯಲಿ. ಮಕ್ಕಳು ನಾಳೆಯವರೆಗೆ ಆ ಹೊಳೆಯ ದಡದಲ್ಲೇ ಇರುತ್ತಾರೆ.

ಮರುದಿನ ಚಿತ್ರ ಬಿಡಿಸಲು ಕಾಗದ ಕೊಡಿ. ಹೀಗೆ ಬರಿ, ಹಾಗೆ ಬರಿ ಅನ್ನಬೇಡಿ. ನನ್ನ ಮಗ ನೈಲ್ ನದಿಯನ್ನು ನೇತ್ರಾವತಿಯ ಹಾಗೆ ಬಿಡಿಸಿದ. ದಡದಲ್ಲಿ ತೆಂಗಿನ ಮರ, ಆಚೆ ಬದಿಯಲ್ಲಿ ಒಂದು ದೋಣಿ. ನಾನು ತಿದ್ದಲಿಲ್ಲ. ಅವನ ಮೋಶೆ ಅವನಿಗೆ ಗೊತ್ತಿರುವ ಹೊಳೆಯಲ್ಲೇ ತೇಲಲಿ.

ಕಥೆ ಹೇಳಲು ನನಗೆ ಬರುವುದಿಲ್ಲ ಅನ್ನುವವರು ಇದ್ದಾರೆ. ನಿಮ್ಮ ಮನೆ ಮಾತಿನಲ್ಲಿ ಹೇಳಿ, ಖಂಡಿತ ಬರುತ್ತದೆ. ಬಾಸೆಲ್ ಮಿಶನ್ನಿಗೆ ಬಂದ ಜರ್ಮನಿಯ ಕಿಟ್ಟೆಲ್ 1862ರಲ್ಲೇ ಯೇಸುವಿನ ಜೀವನವನ್ನು ಕನ್ನಡ ಪದ್ಯದಲ್ಲಿ ‘ಕಥಾಮಾಲೆ’ ಎಂದು ಬರೆದರು. ಕೇಳುವವರ ಮಾತಿಗೆ, ಅವರ ಲಯಕ್ಕೆ ಕಥೆ ಬರಬೇಕು ಎಂದು ಬೇರೆ ದೇಶದಿಂದ ಬಂದವರಿಗೇ ತೋಚಿತ್ತು. ನಮಗೆ ಅದು ಇನ್ನೂ ಸುಲಭ ಅಲ್ವಾ?

ಇಷ್ಟಾದ ಮೇಲೆ ಒಂದು ಶನಿವಾರ ಸಂಜೆ ಸಿನಿಮಾ. ನಾವು ನೋಡಿದ್ದು 1998ರ ‘ದಿ ಪ್ರಿನ್ಸ್ ಆಫ್ ಈಜಿಪ್ಟ್’. ಕಾರ್ಟೂನ್ ಚಿತ್ರ, ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ಫೋನ್‌ಗಳು ಬೇರೆ ಕೋಣೆಯಲ್ಲಿರಲಿ. ಮಧ್ಯೆ ಮಧ್ಯೆ ನಿಲ್ಲಿಸಿ ಪಾಠ ಮಾಡಬೇಡಿ. ಕಥೆಗೆ ತನ್ನ ಕೆಲಸ ಮಾಡಲು ಬಿಡಬೇಕು. ಮಗು ಹೆದರಿದರೆ ಮಾತ್ರ ನಿಲ್ಲಿಸಿ. ಚೊಚ್ಚಲ ಮಕ್ಕಳು ಸಾಯುವ ರಾತ್ರಿಯ ದೃಶ್ಯ ಬಂದಾಗ ಚಿಕ್ಕವರನ್ನು ಮಡಿಲಲ್ಲಿ ಕೂರಿಸಿಕೊಳ್ಳಿ.

ಭಾನುವಾರ ಸಂಜೆ ಸತ್ಯವೇದ ತೆರೆಯಿರಿ. ಸಿನಿಮಾದಲ್ಲಿ ಯಾವುದು ಬೇರೆ ಇತ್ತು ಎಂದು ಮಕ್ಕಳೇ ಹುಡುಕಲಿ. ಈ ಚಿತ್ರದವರೇ ಶುರುವಿನಲ್ಲಿ ಬರಹ ಹಾಕಿ, ಕೆಲವು ಕಡೆ ಸ್ವಾತಂತ್ರ್ಯ ತೆಗೆದುಕೊಂಡಿದ್ದೇವೆ, ಮೂಲ ಕಥೆ ವಿಮೋಚನಕಾಂಡದಲ್ಲಿದೆ ಎಂದು ಹೇಳಿದ್ದಾರೆ. ಹಾಗಾಗಿ ಇದು ತಪ್ಪು ಹಿಡಿಯುವ ಆಟ ಆಗಬೇಕಿಲ್ಲ. ಹುಡುಕಿದರೆ ಸಿಗುವುದು ಬಹಳ. ಫರೋಹನ ಮುಂದೆ ನಿಂತಾಗ ಮೋಶೆಗೆ 80 ವರ್ಷ, ಆರೋನನಿಗೆ 83. ಸಿನಿಮಾದಲ್ಲಿ ಮೋಶೆ ಇನ್ನೂ ಯುವಕ. ನಾಲಿಗೆ ಮಂದ ಎಂದು ಮೋಶೆ ದೇವರಿಗೆ ಹೇಳಿಕೊಂಡದ್ದಕ್ಕೇ ಅಣ್ಣ ಆರೋನ ಅವನಿಗೆ ಬಾಯಾಗಿ ನಿಂತ. ಸಿನಿಮಾದಲ್ಲಿ ಆರೋನನ ಪಾತ್ರ ಚಿಕ್ಕದು. ಫರೋಹನ ಹೆಸರು ಏನೆಂದು ವಿಮೋಚನಕಾಂಡ ಹೇಳುವುದೇ ಇಲ್ಲ. ಸಿನಿಮಾ ಅವನಿಗೆ ರಾಮ್ಸೆಸ್ ಎಂದು ಹೆಸರಿಟ್ಟು ಮೋಶೆಯ ಜೊತೆ ಬೆಳೆದ ಅಣ್ಣನನ್ನಾಗಿ ಮಾಡಿದೆ.

ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸಿದ್ದು ಇನ್ನೊಂದು. ಸಿನಿಮಾದಲ್ಲಿ ಮಗುವನ್ನು ಎತ್ತಿಕೊಳ್ಳುವವಳು ರಾಣಿ. ಸತ್ಯವೇದದಲ್ಲಿ ಫರೋಹನ ಮಗಳು. ಇದು ಇಬ್ರಿಯರ ಮಗು ಎಂದು ಅವಳಿಗೆ ಗೊತ್ತಾಗುತ್ತದೆ. ಗೊತ್ತಿದ್ದೂ ಎತ್ತಿಕೊಳ್ಳುತ್ತಾಳೆ. ಆಮೇಲೆ ಅಕ್ಕನ ಜಾಣತನದಿಂದ ಮಗುವಿನ ಸ್ವಂತ ತಾಯಿಯೇ ಸಂಬಳಕ್ಕೆ ಹಾಲೂಡಿಸುವ ದಾದಿಯಾಗಿ ಬರುತ್ತಾಳೆ. ಇಬ್ರಿಯರ ಗಂಡು ಮಕ್ಕಳನ್ನು ಕೊಲ್ಲಲು ಹೇಳಿದವನ ಮನೆಯ ಹಣದಲ್ಲೇ ಮಗು ತಾಯಿಯ ಮಡಿಲಲ್ಲಿ ಬೆಳೆಯುತ್ತದೆ. ಸಿನಿಮಾ ಇದನ್ನು ಬಿಟ್ಟಿದೆ. ಇದನ್ನು ಓದಿ ಹೇಳಿದಾಗ ಅತ್ತೆ ಕೈ ಮುಗಿದು, ‘ದೇವರ ಕೆಲಸ ನೋಡು’ ಅಂದರು.

ಸಿನಿಮಾ ಕೊಟ್ಟದ್ದನ್ನೂ ಹೇಳಬೇಕು. ಸತ್ತ ಮಗನ ಬಳಿ ನಿಂತ ರಾಮ್ಸೆಸ್, ಹೊರಗೆ ಬಂದು ಅಳುವ ಮೋಶೆ. ಇದು ವಿಮೋಚನಕಾಂಡದಲ್ಲಿಲ್ಲ. ಆದರೆ ಸುಳ್ಳು ಎಂದು ನಾನು ಹೇಳುವುದಿಲ್ಲ. ಯೆಹೂದ್ಯರು ಇಂದಿಗೂ ಆ ಬಿಡುಗಡೆಯ ನೆನಪಿನ ಪಸ್ಕ ಹಬ್ಬದ ಊಟದಲ್ಲಿ, ಈಜಿಪ್ಟಿನ ಮೇಲೆ ಬಂದ ಹತ್ತು ಬಾಧೆಗಳಲ್ಲಿ ಒಂದೊಂದರ ಹೆಸರು ಹೇಳುವಾಗ ಬಟ್ಟಲಿನಿಂದ ಒಂದೊಂದು ಹನಿ ದ್ರಾಕ್ಷಾರಸ ತೆಗೆದಿಡುತ್ತಾರೆ. ಶತ್ರು ನೊಂದಾಗ ನಮ್ಮ ಸಂತೋಷ ಅಷ್ಟು ಕಡಿಮೆಯಾಗಬೇಕು ಎಂದು ಅದರ ಅರ್ಥ ಹೇಳುತ್ತಾರೆ. ಮಗಳು ಅದನ್ನು ಕೇಳಿ ಬಹಳ ಹೊತ್ತು ಯೋಚಿಸಿದಳು.

ಅಜ್ಜಿಗೆ ಕಥೆ ಹೇಳುವ ಕೆಲಸ ಮಕ್ಕಳದು

ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಸಿನಿಮಾ ಮುಗಿದ ಮೇಲೆ ಅದರ ಕಥೆಯನ್ನು ಮಕ್ಕಳು ಅಜ್ಜಿಗೆ ಹೇಳಬೇಕು. ಇದು ನಮ್ಮ ಮನೆಯ ನಿಯಮ. ಅಜ್ಜಿ ಮಧ್ಯೆ ಮಧ್ಯೆ ಪ್ರಶ್ನೆ ಹಾಕುತ್ತಾರೆ. ‘ಅವನಿಗೆ ಯಾಕೆ ಅಷ್ಟು ಸಿಟ್ಟು?’ ‘ಅವನ ಅಮ್ಮ ಆಗ ಎಲ್ಲಿದ್ದಳು?’ ಮಗು ಉತ್ತರ ಹುಡುಕುತ್ತದೆ. ಕಣ್ಣಿಗೆ ಹೋದದ್ದು ಮತ್ತೆ ಬಾಯಿಗೆ ಬರುತ್ತದೆ. ನಿಮ್ಮ ಮನೆಯಲ್ಲಿ ಅಜ್ಜ, ಅಜ್ಜಿ ಇಲ್ಲದಿದ್ದರೆ ಫೋನಿನಲ್ಲಿ ಹೇಳಿಸಿ. ದೂರದ ದೊಡ್ಡಮ್ಮನಿಗಾದರೂ ಸರಿ.

ಯೇಸುವಿಗೆ ಒಂದೇ ಮುಖ ಬೇಡ

ಅಮೆರಿಕದ ಚಿತ್ರಕಾರ ವಾರ್ನರ್ ಸಾಲ್ಮನ್ 1940ರಲ್ಲಿ ಬರೆದ ಯೇಸುವಿನ ಮುಖ ಕೋಟಿಗಟ್ಟಲೆ ಅಚ್ಚಾಗಿದೆ. ನಮ್ಮ ಎಷ್ಟೋ ಮನೆಗಳ ಗೋಡೆಯ ಮೇಲಿರುವುದು ಅದೇ, ಇಲ್ಲವೇ ಅದನ್ನು ನೋಡಿ ಬರೆದದ್ದು. ಆಂಧ್ರದ ಕಡೆಯ ಹಿರಿಯರಿಗೆ ಯೇಸು ಎಂದರೆ 1978ರ ‘ಕರುಣಾಮಯುಡು’ ಚಿತ್ರದ ವಿಜಯಚಂದರ್. 1979ರ ‘ಜೀಸಸ್’ ಚಿತ್ರ, ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಲೂಕನ ಸುವಾರ್ತೆಯನ್ನು ಹತ್ತಿರದಿಂದ ಅನುಸರಿಸುತ್ತದೆ. ಎರಡು ಸಾವಿರಕ್ಕೂ ಹೆಚ್ಚು ಭಾಷೆಗಳಿಗೆ ಡಬ್ ಆಗಿದೆ, ಕನ್ನಡದಲ್ಲೂ ಇದೆ. ಲೂಕನನ್ನು ಓದುತ್ತಾ ಜೊತೆ ಜೊತೆಗೆ ನೋಡಲು ಇದಕ್ಕಿಂತ ಅನುಕೂಲವಾದ ಸಿನಿಮಾ ನನಗೆ ಸಿಕ್ಕಿಲ್ಲ. ಅದರಲ್ಲಿ ಯೇಸುವಾದ ಬ್ರಯಾನ್ ಡೀಕನ್ ಇಂಗ್ಲೆಂಡಿನವರು.

ಇವುಗಳಲ್ಲಿ ಯಾವುದೂ ಯೇಸುವಿನ ನಿಜವಾದ ಮುಖ ಅಲ್ಲ. ಸುವಾರ್ತೆ ಬರೆದ ನಾಲ್ವರಲ್ಲಿ ಒಬ್ಬರೂ ಅವರ ರೂಪ ಹೀಗಿತ್ತು ಎಂದು ಬರೆದಿಲ್ಲ. ಹಾಗಾಗಿ ಒಂದೇ ಮುಖ ಬೇರೂರದಂತೆ ಹಲವು ಮುಖ ತೋರಿಸಿ. ಮಂಗಳೂರಿನವರಾದರೆ ಸಂತ ಅಲೋಶಿಯಸ್ ಚಾಪೆಲ್‌ಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಇಟಲಿಯ ಆಂಟೋನಿಯೋ ಮೊಸ್ಕೇನಿ ನೂರಿಪ್ಪತ್ತು ವರ್ಷಕ್ಕೂ ಹಿಂದೆ ಅದರ ಗೋಡೆ, ಚಾವಣಿ ತುಂಬ ಚಿತ್ರ ಬರೆದರು. ಸಿನಿಮಾ ಬರುವ ಮುಂಚೆ ಜನ ಕಥೆ ನೋಡುತ್ತಿದ್ದದ್ದು ಹೀಗೆ. ಬೆಂಗಳೂರಿನ ಹತ್ತಿರ ಸಿಲ್ವೇಪುರದಲ್ಲಿ ಆರ್ಟ್ ಆಶ್ರಮ ಕಟ್ಟಿದ ಜ್ಯೋತಿ ಸಾಹಿ ಅವರ ಚಿತ್ರಗಳನ್ನೂ ತೋರಿಸಿ. ಅಲ್ಲಿನ ಯೇಸು ನಮ್ಮ ಮಣ್ಣಿನವರು. ಯೇಸು ಹೇಗಿರುತ್ತಾರೆ ಎಂದು ಮಗನನ್ನು ಕೇಳಿದಾಗ, ‘ಯೇಸು ನನ್ನ ಹಿಂದೆ ನಿಂತಿರ್ತಾರೆ, ಮುಖ ಕಾಣಲ್ಲ’ ಅಂದ. ನಾನು ಅದನ್ನು ಹಾಗೇ ಬಿಟ್ಟೆ.

ಶುಭ ಶುಕ್ರವಾರ ಸಿನಿಮಾ ಬೇಡ

2004ರ ‘ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್’ ಚಿತ್ರವನ್ನು ಮಕ್ಕಳಿಗೆ ತೋರಿಸಬೇಡಿ. ದೊಡ್ಡವರಲ್ಲಿ ಆ ಚಿತ್ರದಿಂದ ಮನಸ್ಸು ಕರಗಿದವರಿದ್ದಾರೆ, ಅದನ್ನು ಗೌರವಿಸುತ್ತೇನೆ. ಆದರೆ ಒಂದು ವಿಷಯ ಗಮನಿಸಿ. ಯೇಸುವನ್ನು ಕೊರಡೆಗಳಿಂದ ಹೊಡೆಸಿದ್ದನ್ನು ಮಾರ್ಕನು ಒಂದು ವಾಕ್ಯದ ನಡುವೆ ಹೇಳಿ ಮುಂದೆ ಹೋಗುತ್ತಾನೆ. ಯೋಹಾನನೂ ಒಂದೇ ವಚನದಲ್ಲಿ ಮುಗಿಸುತ್ತಾನೆ. ಸಿನಿಮಾ ಅಲ್ಲೇ ಎಷ್ಟೋ ನಿಮಿಷ ನಿಲ್ಲುತ್ತದೆ. ಸುವಾರ್ತೆಗಳು ನಿಲ್ಲುವುದು ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳ ಹತ್ತಿರ. ಶುಭ ಶುಕ್ರವಾರ ನಮ್ಮ ಚರ್ಚಿನ ಮಧ್ಯಾಹ್ನದ ಆರಾಧನೆಯಲ್ಲಿ ಆ ಏಳು ಮಾತುಗಳನ್ನೇ ಒಂದೊಂದಾಗಿ ಧ್ಯಾನಿಸುತ್ತೇವೆ. ಆ ಸಂಜೆ ಮನೆಯಲ್ಲಿ ಟಿವಿ ಹಾಕದೆ ಲೂಕ 23 ಓದಿ.

ಯೇಸುವಿನ ಮರಣದ ಯಾವ ಸಿನಿಮಾ ತೋರಿಸಿದರೂ ಇದನ್ನು ಮಕ್ಕಳಿಗೆ ಹೇಳಿ: ಯೇಸು ಯೆಹೂದ್ಯರು. ಮರಿಯಳೂ ಹನ್ನೆರಡು ಶಿಷ್ಯರೂ ಯೆಹೂದ್ಯರೇ. ಆ ಜನಾಂಗದ ಮೇಲೆ ಒಟ್ಟಾಗಿ ತಪ್ಪು ಹೊರಿಸಬಾರದು ಎಂದು ಕ್ಯಾಥೋಲಿಕ್ ಸಭೆ 1965ರಲ್ಲಿ ಸ್ಪಷ್ಟವಾಗಿ ಹೇಳಿತು. ಪರದೆಯ ಮೇಲೆ ಕೂಗುವ ಗುಂಪನ್ನು ನೋಡಿ ಮಗು ದ್ವೇಷ ಕಲಿಯಬಾರದು.

ದೊಡ್ಡ ಮಕ್ಕಳ ಜೊತೆ

ಯೇಸು ಮತ್ತು ಶಿಷ್ಯರ ಕಥೆ ಹೇಳುವ, 2019ರಲ್ಲಿ ಶುರುವಾದ ‘ದಿ ಚೋಸನ್’ ಸರಣಿಯನ್ನು ಮಗಳ ಜೊತೆ ನೋಡುತ್ತಿದ್ದೇನೆ. ಇದರಲ್ಲಿ ಸೇರಿಸಿದ್ದು ಬಹಳ ಇದೆ. ಅದನ್ನು ಮೊದಲ ಕಂತಿನಲ್ಲೇ ಅವರು ಹೇಳಿಕೊಂಡಿದ್ದಾರೆ. ಹನ್ನೆರಡು ಶಿಷ್ಯರಲ್ಲಿ ಒಬ್ಬನಾದ ಸಣ್ಣ ಯಾಕೋಬನ ಪಾತ್ರ ಕುಂಟುತ್ತಾ ನಡೆಯುತ್ತದೆ. ಆ ನಟನ ನಡಿಗೆಯೇ ಹಾಗೆ. ಬೇರೆಯವರನ್ನು ಗುಣಪಡಿಸಲು ಯೇಸು ಅವನನ್ನು ಕಳುಹಿಸುವಾಗ, ನನ್ನನ್ನು ಯಾಕೆ ಗುಣಪಡಿಸಲಿಲ್ಲ ಎಂದು ಅವನು ಕೇಳುತ್ತಾನೆ.

ಮಗಳು ತಿರುಗಿ, ‘ಅಮ್ಮ, ದೊಡ್ಡಪ್ಪನ ಕಾಲು?’ ಅಂದಳು. ನನ್ನ ಭಾವನಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿತ್ತು. ನಾನು ಉತ್ತರ ಕಟ್ಟಲು ಹೋಗಲಿಲ್ಲ. 2 ಕೊರಿಂಥ 12ರಲ್ಲಿ ಪೌಲನು ತನ್ನ ಶರೀರದ ಶೂಲದ, ಅಂದರೆ ಪ್ರಾರ್ಥಿಸಿದರೂ ಹೋಗದೆ ಉಳಿದ ಬಾಧೆಯ ಬಗ್ಗೆ ಬರೆದದ್ದನ್ನು ಇಬ್ಬರೂ ಓದಿದೆವು. ಆಮೇಲೆ ಭಾವನಿಗೇ ಫೋನ್ ಮಾಡಿದೆವು. ‘ನಾನೂ ಅದನ್ನೇ ಕೇಳ್ತಿದ್ದೆ ಮಗಾ. ಈಗಲೂ ಕೇಳ್ತೇನೆ. ಪ್ರಾರ್ಥನೆ ಮಾತ್ರ ಬಿಡ್ಲಿಲ್ಲ’ ಅಂದರು. ಸಿನಿಮಾದಿಂದ ಇಂಥ ಪ್ರಶ್ನೆ ಎದ್ದಾಗ ಮುಂದಿನ ಕಂತು ಹಾಕಬೇಡಿ. ಆ ಪ್ರಶ್ನೆಯನ್ನು ಬದುಕಿ ನೋಡಿದವರ ಹತ್ತಿರ ಮಗುವನ್ನು ಕರೆದುಕೊಂಡು ಹೋಗಿ.

ಬೈಬಲ್ ಪಾತ್ರಗಳಿಲ್ಲದ ಸಿನಿಮಾಗಳು

ಇವೂ ಬೇಕು. ಅರಸ ದಾವೀದನಿಗೆ ಅವನ ಪಾಪವನ್ನು ತೋರಿಸಲು ಪ್ರವಾದಿ ನಾತಾನನು ಧರ್ಮಶಾಸ್ತ್ರ ಓದಲಿಲ್ಲ. ಬಡವನ ಒಂದೇ ಒಂದು ಕುರಿಮರಿಯ ಕಥೆ ಹೇಳಿದ. ಕಥೆಯೊಳಗಿನ ಅನ್ಯಾಯಕ್ಕೆ ದಾವೀದ ಸಿಡಿದೆದ್ದ ಮೇಲೆ, ‘ಆ ಮನುಷ್ಯ ನೀನೇ’ ಎಂದ.

ನಾವು 1985ರ ‘ಬೆಟ್ಟದ ಹೂವು’ ನೋಡಿದೆವು. ಪುಟ್ಟ ಪುನೀತ್ ರಾಜ್‌ಕುಮಾರ್ ಅದಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಲು ಒಬ್ಬ ಬಡ ಹುಡುಗ ಹೂವು ಆರಿಸಿ ಮಾರಿ ಹಣ ಕೂಡಿಡುತ್ತಾನೆ. ಕೊನೆಗೆ ಆ ಹಣ ಮನೆಯವರಿಗಾಗಿ ಹೋಗುತ್ತದೆ. ಇಲ್ಲಿ ಯೇಸುವಿನ ಹೆಸರಿಲ್ಲ. ತನ್ನದನ್ನು ಬಿಟ್ಟುಕೊಡುವುದು ಹೇಗೆ ನೋವು ಕೊಡುತ್ತದೆ ಎಂದು ಮಾತ್ರ ಮಗ ಚೆನ್ನಾಗಿ ಕಂಡ.

ಸಿನಿಮಾ ಮುಗಿದ ಕೂಡಲೇ ‘ಇದರಿಂದ ಏನು ಕಲಿತೆ?’ ಎಂದು ದಯವಿಟ್ಟು ಕೇಳಬೇಡಿ. ಮಗು ನಿಮಗೆ ಬೇಕಾದ ಉತ್ತರ ಕೊಟ್ಟು ಎದ್ದು ಹೋಗುತ್ತದೆ. ‘ನಿನಗೆ ಯಾವಾಗ ಬೇಜಾರಾಯಿತು?’ ‘ನೀನಾಗಿದ್ದರೆ ಆ ಹಣ ಏನು ಮಾಡುತ್ತಿದ್ದೆ?’ ಹೀಗೆ ಕೇಳಿ. ಪುಸ್ತಕವನ್ನೇ ಕೊಳ್ಳುತ್ತಿದ್ದೆ ಅಂದರೆ ತಿದ್ದದೆ ಸುಮ್ನೆ ಕೇಳಿಸಿಕೊಳ್ಳಿ.

ಲೂಕ 15ರ ತಪ್ಪಿಹೋದ ಮಗನ ಕಥೆಯಿಂದ ಇದನ್ನು ಅಭ್ಯಾಸ ಮಾಡಬಹುದು. ಕೊನೆಯಲ್ಲಿ ಒಳಗೆ ಔತಣ ನಡೆದಿದೆ, ಹಿರಿಯ ಮಗ ಸಿಟ್ಟಿನಿಂದ ಹೊರಗೇ ನಿಂತಿದ್ದಾನೆ, ತಂದೆ ಬಂದು ಕರೆಯುತ್ತಿದ್ದಾನೆ. ಅವನು ಒಳಗೆ ಹೋದನಾ ಇಲ್ಲವಾ ಎಂದು ಯೇಸು ಹೇಳಲೇ ಇಲ್ಲ. ಮನೆಯಲ್ಲಿ ಒಬ್ಬೊಬ್ಬರೂ ಮುಂದಿನದನ್ನು ಹೇಳಲಿ. ಮೊದಲು ಮಕ್ಕಳು, ಆಮೇಲೆ ಅಜ್ಜಿ, ಕೊನೆಗೆ ನೀವು. ಅದಕ್ಕೆ ಸಿನಿಮಾ ಬೇಕಿಲ್ಲ, ಈ ರಾತ್ರಿಯೇ ಶುರು ಮಾಡಬಹುದು.