ಕ್ರೈಸ್ಟ್‌ಚರ್ಚ್‌ಗೆ ಹೊಸದಾಗಿ ಬಂದವರು ಬ್ರೈಡಲ್ ಪಾತ್ ಹತ್ತುವ ಬಗೆ

ನ್ಯೂಜಿಲೆಂಡಿನ ಈ ಊರಿಗೆ ಬಂದ ಮೊದಲ ತಿಂಗಳಲ್ಲೇ ಒಂದು ಶನಿವಾರ ಬ್ರೈಡಲ್ ಪಾತ್‌ಗೆ ಇಟ್ಟುಕೊಳ್ಳಿ. ಬಂದರಿನಿಂದ ಗುಡ್ಡ ದಾಟಿ ಊರಿನ ಕಡೆ ಇಳಿಯುವ ಹಳೆಯ ಕಾಲುದಾರಿ ಅದು. ಸರಿಯಾದ ಮನೆ ಸಿಗದೆ, ಯಾಕಾದರೂ ಬಂದೆವೋ ಅನ್ನಿಸುವ ಹೊತ್ತಿಗೇ ಈ ದಾರಿ ನಡೆಯಬೇಕು. ನಾನು ನಡೆದದ್ದೂ ಹಾಗೇ.

ಮೊದಲು ಬಸ್ಸಲ್ಲಿ ಲಿಟಲ್ಟನ್ ಬಂದರಿಗೆ ಹೋಗಿ. ಬಸ್ಸು ಗುಡ್ಡದ ಹೊಟ್ಟೆಯೊಳಗಿನ ಸುರಂಗದಲ್ಲಿ ಹೋಗುತ್ತದೆ. ಅದು ಆಗಿದ್ದು 1964ರಲ್ಲಿ. ರೈಲಿನ ಸುರಂಗ 1867ರದ್ದು. ಅದಕ್ಕೂ ಮೊದಲು ಬಂದವರು ಗುಡ್ಡ ಹತ್ತಿಯೇ ಇಳಿಯಬೇಕಿತ್ತು. 1850ರ ಡಿಸೆಂಬರ್ 16ರಂದು ಷಾರ್ಲೆಟ್ ಜೇನ್ ಮತ್ತು ರಾಂಡಾಲ್ಫ್ ಹಡಗುಗಳು ವಲಸೆ ಬಂದವರನ್ನು ಹೊತ್ತು ಇಲ್ಲಿಗೆ ಬಂದವು. ಇನ್ನೆರಡು ಅದೇ ತಿಂಗಳು ಬಂದವು. ಇಂಗ್ಲೆಂಡ್ ಬಿಟ್ಟು ಮೂರು ತಿಂಗಳ ಮೇಲಾಗಿತ್ತು. ಈಗ ಊರಿರುವ ಬಯಲಿಗೆ ಹೋಗುವ ಗಾಡಿ ರಸ್ತೆ ಇನ್ನೂ ಮುಗಿದಿರಲಿಲ್ಲ. ಭಾರದ ಪೆಟ್ಟಿಗೆಗಳು ದೋಣಿಯಲ್ಲಿ ಸಮ್ನರ್ ಕಡೆಯಿಂದ ಸುತ್ತಿ ಬರಬೇಕಿತ್ತು. ಕೈಗೆ, ಬೆನ್ನಿಗೆ ಆಗುವಷ್ಟನ್ನು ಜನ ಹೊತ್ತುಕೊಂಡೇ ಹೊರಟರು.

ಹಾಗಾಗಿ ಬರಿಗೈಯಲ್ಲಿ ಹತ್ತಬೇಡಿ. ಹೊಸ ಜಾಗದಲ್ಲಿ ಮೊದಲ ರಾತ್ರಿಗೆ ಏನು ಬೇಕೋ ಅದನ್ನಷ್ಟೇ ಚೀಲಕ್ಕೆ ತುಂಬಿ. ನಾನು ಎರಡು ಕೇಜಿ ಅಕ್ಕಿ, ಒಂದು ಕಂಬಳಿ, ಸಣ್ಣ ಕುಕ್ಕರ್ ಹಾಕಿಕೊಂಡಿದ್ದೆ. ಅರ್ಧ ಏರುವಷ್ಟರಲ್ಲಿ ಚೀಲದ ಪಟ್ಟಿ ಹೆಗಲನ್ನು ಕೊರೆಯತೊಡಗಿತು. ಕಲ್ಲಿನ ಮೇಲೆ ಕೂತೆ. ಮಗುವನ್ನು ಸೊಂಟದ ಮೇಲಿಟ್ಟುಕೊಂಡು, ಉದ್ದ ಲಂಗದಲ್ಲಿ ಈ ಏರು ಹತ್ತಿದವರು ಕಣ್ಮುಂದೆ ಬಂದರು. ಆ ಕಡೆ ಅವರಿಗೆ ಒಂದು ಅಂಗಡಿಯೂ ಇರಲಿಲ್ಲ, ಅಲ್ವಾ?

ದಾರಿ ಕಡಿದಾಗಿದೆ. ನೆತ್ತಿ ಸುಮಾರು 330 ಮೀಟರ್ ಎತ್ತರದಲ್ಲಿದೆ. ನಾನು ಕೊಪ್ಪದ ಕಡೆಯವಳು. ನಮ್ಮಲ್ಲಿ ಸೊಪ್ಪಿನ ಹೊರೆ ಹೊತ್ತ ಹೆಂಗಸರು ಗುಡ್ಡದಲ್ಲಿ ಸಣ್ಣ ಸಣ್ಣ ಹೆಜ್ಜೆ ಇಡುತ್ತಾರೆ, ಆದರೆ ನಿಲ್ಲುವುದಿಲ್ಲ. ಹಾಗೇ ಹತ್ತಿ. ನೀರು ಜಾಸ್ತಿ ಇರಲಿ. ತಂಪು ಗಾಳಿ ಇದ್ದರೂ ಇಲ್ಲಿನ ಬಿಸಿಲು ಚರ್ಮ ಸುಡುತ್ತದೆ, ಟೋಪಿ ಬೇಕೇ ಬೇಕು. ದಕ್ಷಿಣದ ಗಾಳಿ ಎದ್ದರೆ ಡಿಸೆಂಬರಿನ ಬೇಸಿಗೆಯಲ್ಲೂ ಚಳಿ ಹಿಡಿಯುತ್ತದೆ, ಜಾಕೆಟ್ ಮರೆಯಬೇಡಿ.

ನೆತ್ತಿಯಲ್ಲಿ, ಹಡಗಿನಲ್ಲಿ ಬಂದು ಈ ಏರು ಹತ್ತಿದ ಆ ಹೆಂಗಸರ ನೆನಪಿಗೆ ಕಟ್ಟಿದ ಕಲ್ಲಿನ ತಂಗುದಾಣವಿದೆ. ಅಲ್ಲಿ ಚೀಲ ಇಳಿಸಿ, ಆತುರ ಬೇಡ. ಈಗ ಕೆಳಗೆ ಊರು ಕಾಣುತ್ತದೆ. ಅವರಿಗೆ ಕಂಡದ್ದು ಜೌಗು, ಹುಲ್ಲು, ಅಲ್ಲೊಂದು ಇಲ್ಲೊಂದು ಮರಗಳ ಗುಂಪು. ಆದರೆ ಅದು ಯಾರದ್ದೂ ಅಲ್ಲದ ನೆಲವಲ್ಲ. ಇಲ್ಲಿನ ಮೂಲನಿವಾಸಿ ಮಾವೊರಿಗಳಲ್ಲಿ ನಾಯ್ ತಾಹು ಪಂಗಡದ ಜನರ ನೆಲ. 1848ರಲ್ಲಿ ಬರೀ 2,000 ಪೌಂಡ್ ಕೊಟ್ಟು ಸರ್ಕಾರ ದೊಡ್ಡ ಸೀಮೆಯನ್ನೇ ಬರೆಸಿಕೊಂಡಿತು. ಅವರಿಗೇ ಬಿಡುತ್ತೇವೆ ಎಂದ ಜಾಗಗಳನ್ನೂ ಸರಿಯಾಗಿ ಬಿಡಲಿಲ್ಲ. ಅವರ ರಾಪಕಿ ಹಳ್ಳಿ ಬಂದರಿನ ಪಕ್ಕದಲ್ಲೇ ಇದೆ. ಹೊಸದಾಗಿ ಬಂದ ನಾವೂ ಇದನ್ನು ತಿಳಿದಿರಬೇಕು ಅನ್ನುವುದು ನನ್ನ ಖಂಡಿತ ಮಾತು.

ಊರಿನ ಬದಿಗೆ, ಹೀತ್‌ಕೋಟ್ ಕಡೆ ಇಳಿಯುವಾಗ ಜಲ್ಲಿ ಜಾರುತ್ತದೆ, ಪಾದ ಓರೆಯಾಗಿ ಇಡಿ. ಕೆಳಗೆ ಬಯಲಿಗೆ ಹೋದ ಎಷ್ಟೋ ಕುಟುಂಬಗಳು ಮೊದಲು ಇದ್ದದ್ದು ಗೋಡೆಯೇ ಇಲ್ಲದ, ಸೂರೇ ನೆಲ ಮುಟ್ಟುವ ಗುಡಿಸಲಲ್ಲಿ.

ಮನೆಗೆ ಹೋದ ಮೇಲೆ ಚೀಲದಲ್ಲಿ ಹೊತ್ತು ತಂದ ಅಕ್ಕಿಯನ್ನೇ ಆ ರಾತ್ರಿ ಬೇಯಿಸಿ. ನಾನು ಜೊತೆಗೆ ತಿಳಿಸಾರು ಮಾಡಿದ್ದೆ.