ಎರಡು ಊರುಗಳ ನಡುವಿನ ಹಾರಾಟದ ಸಮಯ: ಕೊನೆಗೂ ಲೆಕ್ಕ ಕೂಡಿತು

ದೂರವನ್ನು ವೇಗದಿಂದ ಭಾಗಿಸಿ ವಿಮಾನದ ಸಮಯ ಹೇಳಲಾಗದು, ವೇಳಾಪಟ್ಟಿಯ ದತ್ತಾಂಶವನ್ನು ದುಡ್ಡು ಕೊಟ್ಟೇ ತರಬೇಕು ಎಂದವರೇ ಹೆಚ್ಚು. ಬರೀ ಭಾಗಾಕಾರ ಸಾಲದು ನಿಜ. ಮೂರು ತಿದ್ದುಪಡಿ ಹಾಕಿದ ಮೇಲೆ ಹತ್ತಿರದ ಮಾರ್ಗಕ್ಕೂ ಸಾಗರ ದಾಟುವ ಮಾರ್ಗಕ್ಕೂ ನನ್ನ ಒಂದೇ ಸೂತ್ರ ನಡೆಯುತ್ತಿದೆ.

ಮೊದಲು ದುಡ್ಡಿನ ಮಾತು. ಪ್ರತಿ ಪ್ರಶ್ನೆಗೂ ಶುಲ್ಕ ಹಾಕುವ ಸೇವೆಯಿಂದ ನಿಲ್ದಾಣಗಳ ನಡುವಿನ ದೂರದ ಅಂಕಿ ತರಿಸುತ್ತಿದ್ದೆ. 500 ನಿಲ್ದಾಣ ಎಂದರೆ 1,24,750 ಜೋಡಿ; ಹೋಗುವುದು, ಬರುವುದು ಬೇರೆ ಬೇರೆ ಕೇಳಿದರೆ ಬಿಲ್ ಇಮ್ಮಡಿ. ದೂರ ಎರಡೂ ಕಡೆ ಒಂದೇ, ಬದಲಾಗುವುದು ಸಮಯ ಮಾತ್ರ. ನಿಲ್ದಾಣಗಳ ಮುಕ್ತ ದತ್ತಾಂಶ ತಾಣ ಅವರ್‌ಏರ್‌ಪೋರ್ಟ್ಸ್‌ನಲ್ಲಿ ಅಕ್ಷಾಂಶ, ರೇಖಾಂಶ ಉಚಿತ. ಭೂಮಿಯನ್ನು ಗೋಳವೆಂದು ಹಿಡಿದು ದೂರ ಲೆಕ್ಕ ಹಾಕುವ ಹ್ಯಾವರ್ಸೈನ್ ಸೂತ್ರ ಹಾಕಿ ಒಮ್ಮೆ ಕೋಷ್ಟಕ ಮಾಡಿಟ್ಟ ಮೇಲೆ ಆ ಖರ್ಚು ಸೊನ್ನೆ. ಇನ್ನೂ ನಿಖರವಾದ ವಿನ್ಸೆಂಟಿ ಸೂತ್ರವನ್ನೂ ನೋಡಿದೆ: ಭೂಗೋಳದ ಹೆಚ್ಚುಕಡಿಮೆ ಎದುರುಬದುರಿನ ಬಿಂದುಗಳಿಗೆ ಅದರ ಲೂಪ್ (ಮತ್ತೆ ಮತ್ತೆ ಮಾಡುವ ಲೆಕ್ಕ) ನಿಲ್ಲುವುದೇ ಇಲ್ಲ. ಹ್ಯಾವರ್ಸೈನ್‌ನ ಅರ್ಧ ಶೇಕಡಾ ತಪ್ಪು ಗಾಳಿಯ ಏರುಪೇರಿನ ಮುಂದೆ ಏನೂ ಅಲ್ಲ.

ಹೆಚ್ಚು ಕಾಡಿದ್ದು ಪಶ್ಚಿಮದ ರೇಖಾಂಶಕ್ಕೆ ಹಾಕುವ ಋಣ ಚಿಹ್ನೆ. ನ್ಯೂಯಾರ್ಕ್‌ನ ಜೆಎಫ್‌ಕೆ −73.78, ಆ ಮೈನಸ್ ಬಿದ್ದುಹೋದರೆ ನಿಲ್ದಾಣ ಕಿರ್ಗಿಸ್ತಾನದಲ್ಲಿ ಕೂರುತ್ತದೆ. ಲಂಡನ್‌ನಿಂದ ಪರೀಕ್ಷಿಸಿದರೆ ಇದು ಗೊತ್ತೇ ಆಗದು: ಹೀಥ್ರೂ ಸೊನ್ನೆ ರೇಖಾಂಶಕ್ಕೆ ಅಂಟಿಕೊಂಡಿರುವುದರಿಂದ 5,540 ಕಿ.ಮೀ. ಬರಬೇಕಾದಲ್ಲಿ 5,600 ಬರುತ್ತದೆ, ಅಷ್ಟೆ. ಲಾಸ್ ಏಂಜಲೀಸ್–ಟೋಕಿಯೊ ಹಾಕಿ ನೋಡಿ. 8,800ರ ಜಾಗದಲ್ಲಿ ಎರಡು ಸಾವಿರದ ಆಸುಪಾಸು ಬಂದರೆ ಕಳ್ಳ ಸಿಕ್ಕಿಬಿದ್ದಂತೆ.

ಇನ್ನು ತಿದ್ದುಪಡಿಗಳು. ವಿಮಾನ ನೇರ ಗೆರೆಯಲ್ಲಿ ಹಾರುವುದಿಲ್ಲ. ವಿಮಾನಗಳ ಇಂಗಾಲ ಹೊರಸೂಸುವಿಕೆಯ ಲೆಕ್ಕಕ್ಕೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ (ಐಸಿಎಒ) ಬಳಸುವ ಅಂಕಿಗಳನ್ನೇ ತೆಗೆದುಕೊಂಡೆ: 550 ಕಿ.ಮೀ. ಒಳಗಿದ್ದರೆ 50, 5,500ರವರೆಗೆ 100, ಅದರಾಚೆ 125 ಕಿ.ಮೀ. ಕೂಡಿಸಿ. ಏರಿ ಇಳಿಯುವಾಗಿನ ನಿಧಾನಕ್ಕೆ 20 ನಿಮಿಷ, ರನ್‌ವೇಗೆ ಹೋಗಿಬರುವ ನೆಲದ ಮೇಲಿನ ಓಟಕ್ಕೆ (ಟ್ಯಾಕ್ಸಿ) 30. ಕೊನೆಯದು ಗಾಳಿ. ಮ್ಯಾಕ್ 0.85, ಅಂದರೆ ಶಬ್ದದ ವೇಗದ 0.85 ಪಟ್ಟು, ವಿಮಾನ ಹಾರುವ ಎತ್ತರದಲ್ಲಿ ಗಂಟೆಗೆ ಸುಮಾರು 900 ಕಿ.ಮೀ.; ಉತ್ತರ ಅಟ್ಲಾಂಟಿಕ್‌ನಲ್ಲಿ ಪಶ್ಚಿಮಕ್ಕೆ ಹೋಗುವಾಗ 60 ಕಳೆಯುತ್ತೇನೆ, ಪೂರ್ವಕ್ಕೆ ಬರುವಾಗ 60 ಕೂಡಿಸುತ್ತೇನೆ. ಹೀಥ್ರೂ–ಜೆಎಫ್‌ಕೆ ಹೋಗಲು 7 ಗಂಟೆ 35 ನಿಮಿಷ, ಬರಲು 6 ಗಂಟೆ 44 ಬಂತು. ವೇಳಾಪಟ್ಟಿಗಳಲ್ಲಿ ಹೆಚ್ಚುಕಡಿಮೆ 8 ಮತ್ತು 7 ಇರುತ್ತದೆ. ಉಳಿದದ್ದು ತಡವಾದರೂ ಹೊತ್ತಿಗೆ ಮುಟ್ಟಲೆಂದು ಕಂಪನಿಗಳು ಸೇರಿಸಿಕೊಳ್ಳುವ ಹೆಚ್ಚುವರಿ. 348 ಕಿ.ಮೀ.ಯ ಹೀಥ್ರೂ–ಪ್ಯಾರಿಸ್‌ಗೆ, ಗಾಳಿ ಬಿಟ್ಟು, 77 ನಿಮಿಷ. ಭಾಗಾಕಾರವೊಂದನ್ನೇ ನಂಬಿದ್ದರೆ 23 ಬರುತ್ತಿತ್ತು! ಋತುವಿಗೆ ತಕ್ಕಂತೆ ಆ 60ನ್ನು ಬದಲಿಸುವ ಕೋಷ್ಟಕ ನನ್ನಲ್ಲೇ ಇರಲಿ, ಅದಕ್ಕೆ ಬಹಳ ದಿನ ಹಿಡಿದಿದೆ.

ನಡುವೆ ಒಂದು ಪ್ರಯೋಗ. 60 ಡಿಗ್ರಿ ಅಕ್ಷಾಂಶದಲ್ಲಿ, 180 ಡಿಗ್ರಿ ರೇಖಾಂಶದ ಅಂತರದಲ್ಲಿರುವ ಎರಡು ಬಿಂದುಗಳಿಗೆ ಅದೇ ಅಕ್ಷಾಂಶ ಹಿಡಿದು ಹೋದರೆ 10,007 ಕಿ.ಮೀ., ಧ್ರುವ ದಾಟಿದರೆ 6,672. ಭೂಪಟದ ಮೇಲೆ ಅಡ್ಡಗೆರೆ ಎಳೆದು ಅಳೆಯುವವರು ಎಡವುವುದು ಇಲ್ಲೇ.

ಸೂತ್ರ ಪೂರ್ತಿ ಕೈಕೊಟ್ಟ ಮಾರ್ಗ ಹೆಲ್ಸಿಂಕಿ–ಟೋಕಿಯೊ. 2022ರಲ್ಲಿ ರಷ್ಯಾದ ಆಕಾಶ ಮುಚ್ಚಿದ ಮೇಲೆ ಒಂಬತ್ತೂವರೆ ಗಂಟೆಯ ಹಾದಿ ಹದಿಮೂರರ ಹತ್ತಿರ ಹೋಯಿತು. ಅಂಥಲ್ಲಿ ಬಳಸು ದಾರಿಯಲ್ಲಿ ಒಂದೆರಡು ಬಿಂದು ಇಟ್ಟು, ತುಂಡು ತುಂಡಾಗಿ ಅಳೆದು ಕೂಡಿಸಬೇಕು.

ತಲುಪುವ ವೇಳೆ ಬೇಕಾದರೆ ಎಲ್ಲವನ್ನೂ ಯುಟಿಸಿಯಲ್ಲಿ (ಜಗತ್ತಿನ ಪ್ರಮಾಣ ಸಮಯ) ಕೂಡಿಸಿ, ಕೊನೆಗೆ ಸ್ಥಳೀಯ ಸಮಯಕ್ಕೆ ತನ್ನಿ. ಯುಟಿಸಿಗೂ ಸ್ಥಳೀಯ ಸಮಯಕ್ಕೂ ಇರುವ ವ್ಯತ್ಯಾಸವನ್ನು ಪೂರ್ಣ ಗಂಟೆಗಳಲ್ಲಿ ಇಡಬೇಡಿ, ನಿಮಿಷಗಳಲ್ಲಿ ಇಡಿ. ಕಠ್ಮಂಡು 345 ನಿಮಿಷ ಮುಂದಿದೆ.